ಖಾತೆ ನಂಬರ್ ಓದಿದವನು

"ದುಡ್ಡು ಎಲ್ಲೂ ಹೋಗಿಲ್ಲಮ್ಮ. ನೋಡಿ, ಇಲ್ಲೇ ಇದೆ."

ಬ್ಯಾಂಕಿನ ಮೇಡಂ ಕಂಪ್ಯೂಟರಿನ ಪರದೆಯನ್ನು ಕೌಂಟರಿನ ಈಚೆಗೆ ತಿರುಗಿಸಿದಳು. ನಾಲ್ಕು ಲಕ್ಷ ಹನ್ನೆರಡು ಸಾವಿರದ ಆರುನೂರು. ಟೈಲರಮ್ಮ ಅಂಕಿಗಳ ಮೇಲೆ ಬೆರಳಿಟ್ಟು ನೋಡಿದಳು. ಗಾಜು ತಣ್ಣಗಿತ್ತು.

"ಇದ್ರೆ ಕೊಡಿ ಮತ್ತೆ."

"ಒಂದು ಕಾಸು ಕೊಡೋಕೂ ನನ್ನ ಕೈಲಾಗಲ್ಲ. ಪೊಲೀಸರು ಫ್ರೀಜ್ ಮಾಡಿಸಿದ್ದಾರೆ. ಯಾರೋ ರಿಟೈರ್ಡ್ ಟೀಚರ್‌ಗೆ ಫೋನಲ್ಲಿ ಹೆದರಿಸಿ ಕಿತ್ತುಕೊಂಡ ದುಡ್ಡಂತೆ ಇದು. ಅವರ ಅಕೌಂಟಿಂದ ನೇರ ನಿಮ್ಮ ಅಕೌಂಟಿಗೆ ಬಂದಿದೆ. ಅವರು ದೂರು ಕೊಟ್ಟಿದ್ದಾರೆ."

"ನನ್ನ ತಮ್ಮ ಕಳಿಸಿದ್ದು ಮೇಡಂ! ಯಾವ ಟೀಚರೂ ಗೊತ್ತಿಲ್ಲ ನಂಗೆ. ಓದಿದ್ದೇ ಐದನೇ ಕ್ಲಾಸು."

ಅವಳ ಪಕ್ಕದಲ್ಲಿ ಕ್ಯಾಷಿಯರು ಕನ್ನಡಕವನ್ನು ಹಣೆಗೇರಿಸಿಕೊಂಡು ನಿಂತಿದ್ದರು. ಮೂವತ್ತೊಂದು ವರ್ಷ ಇಂಥದೇ ಕೌಂಟರಿನ ಆಚೆ ಬದಿಯಲ್ಲಿ ಕೂತು ನೋಟು ಎಣಿಸಿದವರು. ನಿವೃತ್ತಿಯಾದ ಮೇಲೆ ಕೈಕಟ್ಟಿ ಕೂರಲಾರದೆ ಮನೆಯ ಮುಂದೆ 'ಖಾಸಗಿ ಪತ್ತೇದಾರರು' ಎಂದು ಬೋರ್ಡು ತಗುಲಿಸಿದ್ದರು. ಆ ಬೋರ್ಡು ನೋಡಿ ಮೊದಲು ನಕ್ಕವರು ಅವರ ಹೆಂಡತಿಯೇ. ಬೀದಿಯವರು ಬೋರ್ಡನ್ನು ಓದಿದರೂ ಅವರನ್ನು ಕ್ಯಾಷಿಯರು ಎಂದೇ ಕರೆಯುತ್ತಿದ್ದರು. ಅದೇ ಬೀದಿಯ ಕೊನೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದವಳು ಈ ಟೈಲರಮ್ಮ.

ಅವಳ ಗಂಡ ಗೋಡೆಗೆ ಬಣ್ಣ ಹೊಡೆಯುವವ. ಐದು ದಿನದ ಹಿಂದೆ ಎರಡನೇ ಮಹಡಿಯ ಸಾರುವೆಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದ. ನಾಳೆ ಬೆಳಿಗ್ಗೆ ಏಳಕ್ಕೆ ಆಪರೇಷನ್ನು. ಇವತ್ತು ಸಂಜೆ ಆರರೊಳಗೆ ಡಿಪಾಸಿಟ್ ಕಟ್ಟದಿದ್ದರೆ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ, ಆಮೇಲೆ ಕಾಲಿನ ಆಸೆ ಬಿಡಿ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಆ ಡಿಪಾಸಿಟ್ಟಿಗೆಂದೇ ಬಂದ ದುಡ್ಡು ಈಗ ಗಾಜಿನ ಹಿಂದೆ ಕೂತಿತ್ತು.

"ದಾರಿ ಏನು ಮೇಡಂ?" ಕ್ಯಾಷಿಯರು ಕೇಳಿದರು.

"ಕೋರ್ಟಿಗೆ ಹೋಗಬೇಕು. ಮೂರು ತಿಂಗಳಾದ್ರೂ ಬೇಕು ಸರ್. ಇಲ್ಲಾಂದ್ರೆ ದೂರು ಕೊಟ್ಟ ಟೀಚರೇ ನಂಗೆ ತಕರಾರಿಲ್ಲ ಅಂತ ಸ್ಟೇಷನ್ನಿಗೆ ಬರೆದುಕೊಡಬೇಕು. ಐದೂವರೆ ಒಳಗೆ ಸ್ಟೇಷನ್ನಿಂದ ನಮಗೆ ಮೇಲ್ ಬಂದ್ರೆ ನಾನು ಕೂತಿದ್ದು ಮಾಡಿಕೊಡ್ತೀನಿ."

"ಆ ಟೀಚರ್ ಯಾರು?"

"ಅದನ್ನ ಹೇಳೋ ಹಾಗಿಲ್ಲ." ಮೇಡಂ ಪೊಲೀಸರ ಪತ್ರವನ್ನು ಮೇಜಿನ ಮೇಲೆ ಬಿಡಿಸಿಟ್ಟು, "ನೀರು ಕುಡಿದು ಬರ್ತೀನಿ," ಎಂದು ಎದ್ದು ಹೋದಳು. ಹಳೇ ಸಹೋದ್ಯೋಗಿಗೆ ಅಷ್ಟು ಮರ್ಯಾದೆ ಸಾಕಿತ್ತು. ಕ್ಯಾಷಿಯರು ಕನ್ನಡಕವನ್ನು ಮೂಗಿಗೆ ಇಳಿಸಿ ವಿಳಾಸವನ್ನೂ ದೂರಿನ ವೇಳೆಯನ್ನೂ ಓದಿಕೊಂಡರು.

*

ಟೀಚರ್ ಇದ್ದ ಪಟ್ಟಣದ ಬಸ್ಸು ಎರಡೂವರೆಗೆ. ಅಷ್ಟರೊಳಗೆ ಕವರ್ ಅಣ್ಣನನ್ನು ಮಾತಾಡಿಸಬೇಕಿತ್ತು.

ಮೊಬೈಲಿನ ಕವರು ಮಾರುವವನಾದ್ದರಿಂದ ಕವರ್ ಅಣ್ಣ. ಆದರೆ ಅವನ ಹೊಟ್ಟೆ ತುಂಬಿಸುತ್ತಿದ್ದದ್ದು ಅಂಗಡಿಯ ಹಿಂದೆ ಪರದೆ ಕಟ್ಟಿ ಹಾಕಿದ್ದ ಎರಡು ಕುರ್ಚಿ. ಹೊರದೇಶದಲ್ಲಿ ದುಡಿಯುವವರ ಅಕ್ಕತಂಗಿಯರು, ಹೆಂಡಿರು, ಅಪ್ಪಂದಿರು ಅಲ್ಲಿ ಕೂತು, ಫೋನಿಗೆ ಬಂದ ಕಾಯಿನ್ನನ್ನು ಊರ ದುಡ್ಡು ಮಾಡಿಕೊಂಡು ಹೋಗುತ್ತಿದ್ದರು. ನೂರಕ್ಕೆ ಒಂದು ಅವನ ಕಮಿಷನ್ನು.

ಈ ವ್ಯವಹಾರ ತಲೆಗೆ ಹತ್ತಲು ಕ್ಯಾಷಿಯರಿಗೆ ಎರಡು ದಿನ ಹಿಡಿದಿತ್ತು. ಡಾಲರ್ ಕಾಯಿನ್ ಅಂತೆ. ಕೈಯಲ್ಲಿ ಹಿಡಿಯಲು ಬರುವುದಿಲ್ಲ, ಜೇಬಿಗೆ ಹಾಕಿಕೊಳ್ಳಲು ಬರುವುದಿಲ್ಲ, ಆದರೆ ಒಂದರ ಬೆಲೆ ಒಂದು ಡಾಲರು. ಬ್ಯಾಂಕಿನಲ್ಲಿ ಕಳಿಸಿದರೆ ಮೂರು ನಾಲ್ಕು ದಿನ; ಇದು ಚಹಾ ಆರುವಷ್ಟರಲ್ಲಿ ಸಮುದ್ರ ದಾಟಿ ಬರುತ್ತದೆ. ಬಂದದ್ದನ್ನು ಆಸ್ಪತ್ರೆಯವರು ಮುಟ್ಟುವುದಿಲ್ಲ, ದಿನಸಿ ಅಂಗಡಿಯವನು ಮೂಸಿಯೂ ನೋಡುವುದಿಲ್ಲ. ಆದ್ದರಿಂದ ಕೊಳ್ಳುವ ಗಿರಾಕಿಯೊಬ್ಬ ಬೇಕು. ಅವನು ನಮ್ಮ ಬ್ಯಾಂಕ್ ಖಾತೆಗೆ ದುಡ್ಡು ಹಾಕುತ್ತಾನೆ, ಮೆಸೇಜು ಬರುತ್ತದೆ, ನಾವು ಫೋನಿನಲ್ಲಿ 'ಬಿಡುಗಡೆ' ಎಂಬ ಗುಂಡಿ ಒತ್ತುತ್ತೇವೆ, ಕಾಯಿನ್ನು ಅವನ ಪಾಲಾಗುತ್ತದೆ. ಒತ್ತಿದ್ದನ್ನು ವಾಪಸು ಪಡೆಯಲು ದೇವರಿಂದಲೂ ಆಗದು.

ಎರಡು ಕುರ್ಚಿಯ ಮೇಲೆ ಗೋಡೆಗೆ ಒಂದು ರಟ್ಟು ಅಂಟಿಸಿತ್ತು. 'ಮೆಸೇಜಿನಲ್ಲಿ ಬಂದ ಹೆಸರು, ಆಪಿನಲ್ಲಿರುವ ಗಿರಾಕಿಯ ಹೆಸರು ಒಂದೇ ಇರಬೇಕು. ಇಲ್ಲದಿದ್ದರೆ ಒತ್ತಬೇಡಿ.'

"ಇದು ಯಾರ ಅಕ್ಷರ?" ಕ್ಯಾಷಿಯರು ಕೇಳಿದರು.

"ನಂದೇ ಸರ್."

"ಮೊನ್ನೆ ಈ ಅಮ್ಮ ಇದೇ ಕುರ್ಚೀಲಿ ಕೂತು ಒತ್ತುವಾಗ ನೀನೆಲ್ಲಿದ್ದೆ?"

"ಮುಂದ್ಗಡೆ. ಒಬ್ಬರಿಗೆ ಗ್ಲಾಸ್ ಅಂಟಿಸ್ತಾ ಇದ್ದೆ."

"ನಾನೇ ಒತ್ತಿದ್ದು ಸರ್," ಎಂದಳು ಟೈಲರಮ್ಮ. ತಪ್ಪು ತನ್ನದೆಂದು ಒಪ್ಪಿಕೊಂಡರೆ ಯಾರಾದರೂ ಕರುಣೆ ತೋರಿಸಬಹುದು ಎನ್ನುವ ಹಾಗಿತ್ತು ಅವಳ ಧ್ವನಿ. "ತಮ್ಮ ವಿಡಿಯೋದಲ್ಲಿ ಇಲ್ದೆ ನಾನು ಯಾವತ್ತೂ ಒತ್ತಲ್ಲ. ಅದೇ ನಮ್ಮ ರೂಢಿ. ಮೊನ್ನೆನೂ ಅವನಿದ್ದ. ಹೆಸರು ಬೇರೆ ಬಂದಿದೆ ಕಣೋ, ಯಾರೋ ಹೆಂಗಸಿನ ಹೆಸರು ಅಂದೆ. ಒತ್ತಕ್ಕ ಅಂದ. ರಟ್ಟು ಕಣ್ಣ ಮುಂದೇನೇ ಇತ್ತು ಸರ್. ಆದ್ರೆ ತಮ್ಮ ಹೇಳಿದ ಮೇಲೆ ರಟ್ಟು ನೋಡ್ತಾರಾ ಯಾರಾದ್ರೂ?"

"ಹೇಗಿದ್ದ ಅವನು? ಮುಖ ನೋಡಿದ್ಯಾ?"

"ನಾನು ನೋಡಿದೆ. ಅವನು ನನ್ನ ನೋಡ್ಲಿಲ್ಲ. ಎಡಗಡೆ ಎಲ್ಲೋ ನೋಡ್ತಿದ್ದ. ಭಾವ ಬಿದ್ದಾಗಿಂದ ಭಾವನ ವಿಚಾರ ಕೇಳ್ದೆ ಫೋನ್ ಇಟ್ಟೋನಲ್ಲ. ಅವತ್ತು ಕೇಳ್ಲೇ ಇಲ್ಲ. ಆಫೀಸಲ್ಲಿ ಕೆಲಸ ಇರಬೇಕು ಅಂದ್ಕೊಂಡೆ."

ಕ್ಯಾಷಿಯರು ಕವರ್ ಅಣ್ಣನ ಕಡೆಗೆ ತಿರುಗಿದರು. "ಗಿರಾಕೀನ ಎಲ್ಲಿಂದ ಹಿಡ್ಕೊಂಡು ಬಂದೆ?"

ಕವರ್ ಅಣ್ಣ ಒಂದು ಕವರನ್ನು ಮೊಳೆಯಿಂದ ತೆಗೆದು ಮತ್ತೆ ಅದೇ ಮೊಳೆಗೆ ಹಾಕಿದ.

"ಏನಪ್ಪ, ಬಾಯಲ್ಲಿ ಏನಿಟ್ಕೊಂಡಿದೀಯ?"

"ಈ ಸಲ ನಾನು ಹುಡುಕಲಿಲ್ಲ ಸರ್. ಅಲ್ಲಿಂದಲೇ ಬಂದ. ಇವರ ತಮ್ಮನ ಆಫೀಸಿನ ನಂಬರಿಂದ ಮೆಸೇಜ್ ಬಂತು. ಈ ಗಿರಾಕಿಗೇ ಕೊಡಿಸು, ನಿನಗೆ ನೂರಕ್ಕೆ ಎರಡು ಅಂತ."

"ಎರಡು ಅಂದ ತಕ್ಷಣ ನಿನ್ನ ರಟ್ಟು ನಿನಗೇ ಮರೆತುಹೋಯ್ತು."

"ಮಕ್ಕಳಾಣೆ ಸರ್, ಕಳ್ಳದುಡ್ಡು ಅಂತ ಗೊತ್ತಿರಲಿಲ್ಲ! ಪೊಲೀಸರಿಗೆ ಮಾತ್ರ ಹೇಳಬೇಡಿ. ನನ್ನ ಅಕೌಂಟಿಗೂ ಕೈ ಹಾಕಿದ್ರೆ ನಾನು ಬೀದಿಗೆ ಬೀಳ್ತೀನಿ."

"ಈ ಅಮ್ಮ ಈಗ ಎಲ್ಲಿದ್ದಾಳೆ ಅಂತ ನೋಡ್ತಿದೀಯಲ್ಲ?"

ಅವನು ತಲೆ ತಗ್ಗಿಸಿದ. ಕ್ಯಾಷಿಯರಿಗೆ ಅವನ ಮೇಲೆ ಸಿಟ್ಟು ಬರಲೂ ಇಲ್ಲ. ಅವನನ್ನು ಎಷ್ಟು ಝಾಡಿಸಿದರೂ ಸಂಜೆ ಆರಕ್ಕೆ ಆಸ್ಪತ್ರೆಯ ಕೌಂಟರು ಮುಚ್ಚುವುದು ನಿಲ್ಲುತ್ತಿರಲಿಲ್ಲ.

"ಆ ಕಾಯಿನ್ನು ಈಗ ಎಲ್ಲಿದೆ? ಯಾರು ಬೇಕಾದ್ರೂ ನೋಡಬಹುದು ಅಂತ ಹೇಳಿದ್ದೆಯಲ್ಲ, ತೋರಿಸು."

ಅದೊಂದು ವಿಚಿತ್ರ. ಬ್ಯಾಂಕಿನ ಲೆಡ್ಜರನ್ನು ಬೀಗ ಹಾಕಿ ಕಾಯ್ದವರು ಕ್ಯಾಷಿಯರು. ಇಲ್ಲಿ ಲೋಕದ ಕಾಯಿನ್ನುಗಳ ಲೆಡ್ಜರು ಲೋಕಕ್ಕೆಲ್ಲ ತೆರೆದಿತ್ತು. ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಹೋಯಿತು, ಎಷ್ಟು ಗಂಟೆಗೆ, ಎಲ್ಲ ಉಂಟು. ಆ ವಿಳಾಸ ಯಾವ ಮನುಷ್ಯನದು ಎನ್ನುವುದೊಂದೇ ಇಲ್ಲ.

ಕವರ್ ಅಣ್ಣ ಫೋನಿನಲ್ಲಿ ತೆಗೆದು ತೋರಿಸಿದ. ಮೊನ್ನೆ ಬೆಳಿಗ್ಗೆ ಒಂಬತ್ತಕ್ಕೆ ತಮ್ಮನ ಆಫೀಸಿನ ವಿಳಾಸದಿಂದ ತಮ್ಮನಿಗೆ. ಅಲ್ಲಿಂದ ಅಕ್ಕನಿಗೆ. ಹನ್ನೊಂದು ನಲವತ್ತೆರಡಕ್ಕೆ ಅಕ್ಕ ಗುಂಡಿ ಒತ್ತಿದ್ದು, ಗಿರಾಕಿಗೆ ಹೋಯಿತು. ಹನ್ನೊಂದು ನಲವತ್ತೊಂಬತ್ತಕ್ಕೆ ಗಿರಾಕಿಯಿಂದ ಇನ್ನೊಂದು ವಿಳಾಸಕ್ಕೆ.

"ಈ ಕೊನೇದನ್ನ ಓದು."

ಕವರ್ ಅಣ್ಣ ಓದಿದ. ಅರ್ಧಕ್ಕೇ ಅವನ ಬಾಯಿ ನಿಂತಿತು. ಮೇಲಿನ ಸಾಲಿಗೆ ಹೋಗಿ ಇನ್ನೊಮ್ಮೆ ಓದಿ ನೋಡಿದ. ಎರಡೂ ಒಂದೇ ವಿಳಾಸ. ಕಾಯಿನ್ನು ತಮ್ಮನ ಆಫೀಸಿನಿಂದ ಹೊರಟು, ಒಂದು ಸುತ್ತು ಹೊಡೆದು, ಮೂರು ಗಂಟೆಯೊಳಗೆ ತಮ್ಮನ ಆಫೀಸಿಗೇ ಹೋಗಿ ಕೂತಿತ್ತು.

ಆಫೀಸಿನವರಿಗೆ ಕಳೆದದ್ದು ಏನೂ ಇಲ್ಲ. ಕಳೆದುಕೊಂಡವರು ಇಬ್ಬರು ಹೆಂಗಸರು. ಒಬ್ಬಳ ದುಡ್ಡು ಹೋಯಿತು, ಇನ್ನೊಬ್ಬಳ ಖಾತೆ ಸಿಕ್ಕಿಬಿತ್ತು.

"ಏನಾಯ್ತು ಸರ್?" ಟೈಲರಮ್ಮ ಕೇಳಿದಳು.

"ಬಸ್ಸಿಗೆ ಹೊತ್ತಾಯ್ತು, ನಡಿ," ಎಂದರು ಕ್ಯಾಷಿಯರು.

*

ಬಸ್ಸಿನಲ್ಲಿ ಎರಡು ಗಂಟೆ ಅವರು ಅವಳಿಗೆ ಏನನ್ನೂ ಹೇಳಲಿಲ್ಲ. ಎಂಟು ತಿಂಗಳ ಹಿಂದೆ ತಮ್ಮನನ್ನು ಹೊರದೇಶಕ್ಕೆ ಕಳಿಸಲು ಬಳೆ ಮಾರಿದ್ದು, ಹೋಟೆಲ್ ಆಫೀಸಿನಲ್ಲಿ ಕೆಲಸ ಅಂದಿದ್ದು, ಸಂಬಳ ಕಾಯಿನ್ನಲ್ಲೇ ಕೊಡುತ್ತಾರೆ ಎಂದಾಗ ತಾನು ನಕ್ಕಿದ್ದು, ಭಾವ ಬಿದ್ದ ಸುದ್ದಿ ಕೇಳಿ ಮಾಲೀಕರು ತಾವಾಗಿಯೇ ಅಡ್ವಾನ್ಸ್ ಕೊಟ್ಟಿದ್ದು, ಎಲ್ಲವನ್ನೂ ಅವಳು ಹೇಳುತ್ತ ಹೋದಳು. "ಒಳ್ಳೇ ಜನ ಸರ್ ಅವರು. ಕೇಳೋಕೂ ಮುಂಚೆ ಕೊಟ್ರು," ಎಂದಳು. ಕ್ಯಾಷಿಯರು ಕಿಟಕಿಯಾಚೆ ನೋಡುತ್ತ ಹೂಂಗುಟ್ಟಿದರು.

ಟೀಚರಿನ ಮನೆ ಒಂದು ಹಳೇ ಕಟ್ಟಡದ ಮೇಲಿನ ಮಹಡಿ. ಒಂದು ಕೋಣೆ, ಒಂದು ಅಡಿಗೆಮನೆ. ಅರವತ್ತೆಂಟರ ಆಕೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಬಾಗಿಲಿನ ಚಿಲಕ ತೆಗೆಯದೆಯೇ ಸಂದಿನಿಂದ ಮಾತಾಡಿಸಿದರು. ಅವರ ಕಿವಿ ಮಂದ; ಕ್ಯಾಷಿಯರು ಬಂದ ವಿಷಯವನ್ನು ಮೆಟ್ಟಿಲಿಗೆಲ್ಲ ಕೇಳುವ ಹಾಗೆ ಎರಡು ಸಲ ಹೇಳಬೇಕಾಯಿತು. ಕೇಳಿದ ಮೇಲೆ ಆಕೆ ಚಿಲಕ ತೆಗೆದು, ಟೈಲರಮ್ಮನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

"ಅಂದ್ರೆ ನನ್ನ ದುಡ್ಡು ನುಂಗಿದ ಅಕೌಂಟು ನಿಂದು."

"ಟೀಚರ್, ನಾನು ನುಂಗಿಲ್ಲ. ನಿಮ್ಮ ಹೆಸರು ಕೂಡ ನಂಗೆ ಗೊತ್ತಿರಲಿಲ್ಲ. ನಮ್ಮನೆಯವರು ಆಸ್ಪತ್ರೇಲಿ..."

"ನನಗೂ ಮನೆಯವರಿದ್ರು. ಅವರು ಹೋದ ಮೇಲೆ ಬಂದ ದುಡ್ಡು ಅದು. ಇನ್ನೆಷ್ಟು ವರ್ಷ ಬದುಕಬೇಕೋ, ಅಷ್ಟಕ್ಕೂ ಅದೇ. ತಕರಾರಿಲ್ಲ ಅಂತ ಬರೆದುಕೊಟ್ರೆ ನಾನೇನು ತಿನ್ನಲಿ, ಸೀಮೆಸುಣ್ಣ ತಿನ್ನಲಾ?"

ಅರ್ಧವನ್ನಾದರೂ ಬಿಡಿ, ತಿಂಗಳು ತಿಂಗಳು ತೀರಿಸುತ್ತಾಳೆ ಎಂದು ಕ್ಯಾಷಿಯರು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಆಕೆಯ ಮುಂದೆ ಸಣ್ಣವಾಗಿ ಕಂಡವು. ಮೋಸಹೋದವರ ಮನೆಗೇ ಬಂದು ಮೋಸವನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳುವ ಕೆಲಸವನ್ನು ಅವರು ಜೀವಮಾನದಲ್ಲಿ ಮಾಡಿರಲಿಲ್ಲ.

"ಒಂದೇ ಒಂದು ಮಾತು ಮೇಡಂ. ಅವನು ನಾಲ್ಕು ಲಕ್ಷ ಅನ್ನಲಿಲ್ಲ, ಐದು ಅನ್ನಲಿಲ್ಲ. ನಾಲ್ಕು ಲಕ್ಷ ಹನ್ನೆರಡು ಸಾವಿರದ ಆರುನೂರು ಅಂತ ಚಿಲ್ಲರೆ ಸಮೇತ ಯಾಕೆ ಕೇಳಿದ ಅಂತ ನಿಮಗೆ ಅನ್ನಿಸ್ಲಿಲ್ವಾ?"

"ದಂಡ ಅಂದ. ದಂಡಕ್ಕೆ ಲೆಕ್ಕ ಇರುತ್ತೆ ಅಂದ್ಕೊಂಡೆ."

ದಂಡದ ಲೆಕ್ಕವಲ್ಲ ಅದು. ಟೈಲರಮ್ಮ ಮಾರಬೇಕಿದ್ದ ಕಾಯಿನ್ನಿಗೆ ಮೊನ್ನೆಯ ದರ ಕಟ್ಟಿದರೆ ಬರುವ ಲೆಕ್ಕ. ಟೀಚರಿನ ಫೋನು ರಿಂಗಾಗುವ ಮೊದಲೇ ಅವರ ದುಡ್ಡು ಎಲ್ಲಿ ಬೀಳಬೇಕೆಂದು ತೀರ್ಮಾನವಾಗಿತ್ತು.

"ಅವನು ಏನೇನಂದ, ನೆನಪಿರೋಷ್ಟು ಹೇಳ್ತೀರಾ?"

"ನೆನಪ್ಯಾಕೆ? ಇದೆಯಲ್ಲ." ಟೀಚರ್ ಮೇಜಿನ ಮೇಲಿದ್ದ ಫೋನನ್ನು ಎತ್ತಿಕೊಂಡರು. "ನನ್ನ ಕಿವಿಗೆ ಫೋನಲ್ಲಿ ಮಾತಾಡಿದ್ದು ಅರ್ಧ ಬೀಳಲ್ಲ. ಅದಕ್ಕೇ ಎಲ್ಲಾ ಕಾಲೂ ರೆಕಾರ್ಡ್ ಆಗೋ ಹಾಗೆ ಹಾಕಿಸ್ಕೊಂಡಿದೀನಿ. ಆಮೇಲೆ ಜೋರಾಗಿ ಇಟ್ಕೊಂಡು ಕೇಳ್ತೀನಿ. ಪೊಲೀಸರಿಗೂ ಕೊಟ್ಟಿದೀನಿ."

ಕೋಣೆಯ ತುಂಬ ಒಬ್ಬ ಗಂಡಸಿನ ಧ್ವನಿ ತುಂಬಿತು. ಗತ್ತಿನ ಧ್ವನಿ. ಮೇಡಂ, ನಿಮ್ಮ ಹೆಸರಿಗೆ ಬಂದ ಪಾರ್ಸೆಲ್ ಹಿಡಿದಿದ್ದೇವೆ, ಒಳಗೆ ಇರಬಾರದ್ದು ಇದೆ, ದಂಡ ಕಟ್ಟದಿದ್ದರೆ ಒಂದು ಗಂಟೆಯಲ್ಲಿ ಮನೆಗೆ ಜೀಪು ಬರುತ್ತೆ. ಎಲ್ಲಿಯೂ ತಡವರಿಕೆಯಿಲ್ಲ, ಯಾರೋ ಬರೆದುಕೊಟ್ಟಿದ್ದನ್ನು ನೂರು ಸಲ ಹೇಳಿ ರೂಢಿಯಾದ ಹಾಗಿತ್ತು.

ಟೈಲರಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಸುತ್ತುವುದು ನಿಂತಿತು.

'ಖಾತೆ ನಂಬರ್ ಬರ್ಕೊಳ್ಳಿ,' ಎಂದಿತು ಧ್ವನಿ. 'ಮೂರು. ಸೊನ್ನೆ. ಏಳು. ಏಳು. ಎರಡು.'

ಅಲ್ಲಿ ನಿಂತಿತು.

ಫೋನಿನಿಂದ ಫ್ಯಾನಿನ ಸದ್ದು ಕೇಳಿಸಿತು. ಹಿಂದೆ ಇನ್ನೂ ಎಷ್ಟೋ ಜನ ಒಟ್ಟೊಟ್ಟಿಗೆ ಮಾತಾಡುವ ಗುಜುಗುಜು. ಯಾರೋ ಗಟ್ಟಿಯಾಗಿ ಮೇಜು ಕುಟ್ಟಿದರು.

'ಐವತ್ತೊಂದು,' ಎಂದಿತು ಧ್ವನಿ. 'ತೊಂಬತ್ತು. ಹದಿನಾಲ್ಕು. ಅರವತ್ತಾರು.'

ಕ್ಯಾಷಿಯರು ತಲೆಯೆತ್ತಿದರು. ಮೂವತ್ತೊಂದು ವರ್ಷ ಜನ ಖಾತೆ ನಂಬರು ಹೇಳುವುದನ್ನು ಕೇಳಿದ ಕಿವಿ ಅದು. ಚೀಟಿ ನೋಡಿ ಓದುವವರು ಒಂದೊಂದೇ ಅಂಕಿ ಓದುತ್ತಾರೆ. ಬಾಯಿಪಾಠ ಇದ್ದವರು ಜೋಡಿ ಜೋಡಿಯಾಗಿ ಹೇಳುತ್ತಾರೆ. ಈ ಮನುಷ್ಯ ಐದು ಅಂಕಿ ಚೀಟಿ ನೋಡಿ ಓದಿದ್ದ. ಉಳಿದದ್ದಕ್ಕೆ ಅವನಿಗೆ ಚೀಟಿ ಬೇಕಾಗಿರಲಿಲ್ಲ.

ಅವರು ಟೈಲರಮ್ಮನ ಕಡೆ ನೋಡಿದರು. ಅವಳ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ಐವತ್ತೊಂದು, ತೊಂಬತ್ತು, ಹದಿನಾಲ್ಕು, ಅರವತ್ತಾರು.

"ಈ ಧ್ವನಿ ಗೊತ್ತಾ ನಿನಗೆ?" ಟೀಚರ್ ಕೇಳಿದರು. ಕಿವಿ ಮಂದವಾದರೂ ಅವರ ಕಣ್ಣು ಚುರುಕಾಗಿತ್ತು.

"ಇಲ್ಲ," ಎಂದಳು ಟೈಲರಮ್ಮ.

ಅಷ್ಟು ಕೆಟ್ಟದಾಗಿ ಸುಳ್ಳು ಹೇಳುವವರನ್ನು ಕ್ಯಾಷಿಯರು ನೋಡಿರಲಿಲ್ಲ. ಅವಳಿಗೆ ಕೂರಲು ಕುರ್ಚಿ ಎಳೆದುಕೊಡಬೇಕೆನಿಸಿತು. ಅದನ್ನೂ ಮಾಡದೆ ಟೀಚರನ್ನು ಕೇಳಿದರು. "ದುಡ್ಡು ಹಾಕಿದ್ದು ಹನ್ನೊಂದೂ ಮೂವತ್ತೆಂಟಕ್ಕೆ. ದೂರು ಕೊಟ್ಟಿದ್ದು ಹನ್ನೆರಡೂವರೆಗೆ. ಅಷ್ಟು ಬೇಗ ಮೋಸ ಅಂತ ಹೇಗೆ ಗೊತ್ತಾಯ್ತು ಮೇಡಂ? ಎಷ್ಟೋ ಜನಕ್ಕೆ ವಾರ ಆದ್ರೂ ಗೊತ್ತಾಗಲ್ಲ."

ಟೀಚರ್ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದರು.

"ಇನ್ನೊಂದು ಕಾಲ್ ಇದೆ ಅಲ್ವಾ?"

"ಪೊಲೀಸರಿಗೆ ಅದನ್ನ ಕೊಡಲಿಲ್ಲ," ಎಂದರು ಆಕೆ ಕೊನೆಗೆ. "ಕಳ್ಳನೇ ದೂರು ಕೊಡಿ ಅಂದ ಅಂತ ಹೇಳಿದ್ರೆ ಮುದುಕಿಗೆ ಮರುಳು ಅಂತಿದ್ರು. ಜೊತೆಗೆ, ಅದರಲ್ಲಿ ಇರೋ ಒಂದು ಮಾತು ನಂಗೆ ಬೇಕಾಗಿರಲಿಲ್ಲ."

ಅವರು ಬೆರಳೊತ್ತಿದರು.

ಅದೇ ಧ್ವನಿ. ಆದರೆ ಗತ್ತು ಇಳಿದಿತ್ತು, ಬಾಯಿಯ ಹತ್ತಿರ ಕೈ ಅಡ್ಡ ಹಿಡಿದು ಪಿಸುಗುಟ್ಟಿದ ಹಾಗಿತ್ತು. ಎಲ್ಲೋ ನೀರು ಬೀಳುವ ಸದ್ದು, ಬಚ್ಚಲಿನಿಂದ ಮಾತಾಡುತ್ತಿದ್ದ.

'ಅಮ್ಮಾ, ನಾನೇ ಬೆಳಿಗ್ಗೆ ಮಾ‌ತಾಡಿದ್ದು. ಅದೆಲ್ಲ ಸುಳ್ಳು. ಈಗಲೇ ಸ್ಟೇಷನ್ನಿಗೆ ಹೋಗಿ ದೂರು ಕೊಡಿ, ಒಂದು ಗಂಟೆಯೊಳಗೆ ಕೊಟ್ರೆ ದುಡ್ಡು ನಿಲ್ಲುತ್ತೆ. ನಾನು ಮತ್ತೆ ಫೋನ್ ಮಾಡಿ ಬೇಡ ಅಂದ್ರೆ ಕೇಳಬೇಡಿ. ಇನ್ನೊಂದು, ಅಮ್ಮಾ, ಆ ಅಕೌಂಟಿನವಳು ಕಳ್ಳಿ ಅಲ್ಲ. ಅವಳಿಗೆ ಏನೂ ಗೊತ್ತಿಲ್ಲ. ಅದನ್ನ ಮರೀದೆ ಬರೆಸಿ. ಕಾಲಿಗೆ ಬೀಳ್ತೀನಿ, ಅದೊಂದು ಬರೆಸಿ...'

ಕಾಲ್ ಕಡಿದುಹೋಯಿತು.

ಟೈಲರಮ್ಮ ನಿಂತಲ್ಲೇ ನೆಲಕ್ಕೆ ಕುಸಿದು ಕೂತಳು. "ನನ್ನ ತಮ್ಮ," ಎಂದಳು. "ನನ್ನ ತಮ್ಮ ಸರ್ ಅವನು. ಅವನ ಹೋಟೆಲ್ಲೂ ಇಲ್ಲ, ಆಫೀಸೂ ಇಲ್ಲ. ಅವನನ್ನ ಎಲ್ಲೋ ಕೂಡಿ ಹಾಕಿದ್ದಾರೆ."

"ನೀವು ಅದನ್ನ ಬರೆಸಲಿಲ್ಲ," ಎಂದರು ಕ್ಯಾಷಿಯರು ಟೀಚರಿಗೆ.

"ಇಲ್ಲ. ಯಾರ ಅಕೌಂಟಿಗೆ ಹೋಯ್ತೋ ಅವರನ್ನ ಹಿಡಿದ್ರೆ ನನ್ನ ದುಡ್ಡು ಬೇಗ ಬರುತ್ತೆ ಅಂದ್ಕೊಂಡೆ. ತಪ್ಪಾ?" ಆಕೆ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು. "ನಲವತ್ತು ವರ್ಷ ಮಕ್ಕಳಿಗೆ ನಿಜ ಹೇಳಿ ಅಂತ ಹೇಳಿಕೊಟ್ಟೋಳು ನಾನು. ಈ ಒಂದು ಸಲ ಅರ್ಧ ಹೇಳಿದೆ."

ಯಾರನ್ನೂ ದೂರುವ ಹಾಗಿರಲಿಲ್ಲ. ಚೀಟಿಯಲ್ಲಿದ್ದ ನಂಬರು ಅಕ್ಕನದೇ ಎಂದು ಓದುತ್ತ ಓದುತ್ತ ತಿಳಿದುಕೊಂಡ ಆ ಹುಡುಗ, ಹಿಂದೆ ನಿಂತವನು ಮೇಜು ಕುಟ್ಟಿದ್ದರಿಂದ ಓದಿ ಮುಗಿಸಿದ್ದ. ಅದೇ ಭಯಕ್ಕೆ 'ಒತ್ತಕ್ಕ' ಎಂದಿದ್ದ. ಆಮೇಲೆ ಕದ್ದು ಬಚ್ಚಲಿಗೆ ಹೋಗಿ, ಅಕ್ಕ ಕಳ್ಳದುಡ್ಡು ತೆಗೆದು ಖರ್ಚು ಮಾಡಿ ಜೈಲಿಗೆ ಹೋಗದಿರಲಿ ಎಂದು ಆ ದುಡ್ಡಿಗೆ ತಾನೇ ಬೀಗ ಹಾಕಿಸಿದ್ದ. ಹಾಗೆ ಮಾಡುವಾಗ ಭಾವನ ಕಾಲು ಅವನ ಕಣ್ಣ ಮುಂದೆ ಬಂದಿರಲಾರದೇ? ಬಂದೇ ಇತ್ತು. ಅದಕ್ಕೇ ಅವನ ಪಿಸುಮಾತು ಅಳುವ ಹಾಗೆ ಕೇಳಿಸಿತ್ತು.

"ಈ ರೆಕಾರ್ಡು ಕೊಡ್ತೀನಿ," ಎಂದರು ಟೀಚರ್. "ಸ್ಟೇಷನ್ನಿಗೆ ನಾನೇ ಬಂದು ಕೊಡ್ತೀನಿ. ಈ ಹುಡುಗಿ ಕಳ್ಳಿ ಅಲ್ಲ ಅಂತ ಬರೆದುಕೊಡ್ತೀನಿ. ಆದ್ರೆ ದುಡ್ಡು ಬಿಡಕ್ಕಾಗಲ್ಲ. ಬಿಡಕ್ಕೆ ಇದ್ದಿದ್ರೆ ಬಿಡ್ತಿದ್ದೆ."

"ಬೇಡ," ಎಂದಳು ಟೈಲರಮ್ಮ ನೆಲದಿಂದಲೇ. "ಇದು ಸ್ಟೇಷನ್ನಿಗೆ ಹೋದ್ರೆ ಅವರ ಕಿವಿಗೂ ಬೀಳುತ್ತೆ. ಬಚ್ಚಲಿಂದ ಯಾರು ಫೋನ್ ಮಾಡಿದ್ದು ಅಂತ ಗೊತ್ತಾದ್ರೆ ಅವನನ್ನ ಉಳಿಸ್ತಾರಾ?"

ಟೀಚರ್ ಕ್ಯಾಷಿಯರ ಮುಖ ನೋಡಿದರು. ಕ್ಯಾಷಿಯರಿಗೆ ಗೊತ್ತಿದ್ದದ್ದು ಇಷ್ಟೇ: ರೆಕಾರ್ಡು ಕೊಟ್ಟರೆ ಅಕ್ಕ ಉಳಿಯುತ್ತಾಳೆ, ತಮ್ಮ ಸಿಕ್ಕಿಬೀಳುತ್ತಾನೆ. ಕೊಡದಿದ್ದರೆ ಅಕ್ಕ ಕಳ್ಳಿಯಾಗಿಯೇ ಇರುತ್ತಾಳೆ. ಎರಡರಲ್ಲಿ ಯಾವುದಾದರೂ ಆಗಲಿ, ಬಣ್ಣ ಹೊಡೆಯುವವನ ಕಾಲಿಗೆ ಕಾಸು ಹುಟ್ಟುವುದಿಲ್ಲ. ಗಂಟೆ ಐದೂ ಹತ್ತು. ಪತ್ತೇದಾರನೆಂದು ಬೋರ್ಡು ಹಾಕಿಕೊಂಡು ಏನನ್ನು ಪತ್ತೆ ಹಚ್ಚಿದ ಹಾಗಾಯಿತು ಎಂದು ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು.

ಟೈಲರಮ್ಮನ ಫೋನು ರಿಂಗಾಯಿತು. ಆಸ್ಪತ್ರೆಯ ನಂಬರು. ಕ್ಯಾಷಿಯರೇ ಅದನ್ನು ತೆಗೆದುಕೊಂಡು ಸ್ಪೀಕರಿಗೆ ಹಾಕಿ ಹಿಡಿದರು.

"ಬಿಲ್ಲಿಂಗ್ ಕೌಂಟರಿಂದಮ್ಮ," ಎಂದಳು ಒಬ್ಬ ಹೆಂಗಸು. "ಡಿಪಾಸಿಟ್ ಪೂರ್ತಿ ಬಂತು. ನಾಳೆ ಏಳಕ್ಕೆ ಆಪರೇಷನ್ ಪಕ್ಕಾ."

ಟೈಲರಮ್ಮ ಎದ್ದು ನಿಂತಳು. "ಯಾರು ಕಟ್ಟಿದ್ದು?"

"ನಿಮ್ಮ ತಮ್ಮನ ಆಫೀಸಿನವರಂತೆ, ಒಬ್ಬರು ಬಂದು ನಗದೇ ಕಟ್ಟಿದ್ರು. ಮಧ್ಯಾಹ್ನದಿಂದ ನಿಮ್ಮ ಯಜಮಾನರ ಪಕ್ಕದಲ್ಲೇ ಕೂತಿದ್ದಾರೆ. ಪಾಪ, ಹಣ್ಣು ಸುಲಿದು ಕೊಟ್ರು. ಯಾವ್ಯಾವುದೋ ಬ್ಯಾಂಕಿನ ಅಕೌಂಟ್ ತೆಗೆಯೋ ಫಾರಂ ತಂದಿದ್ರು, ಐದು ಫಾರಂ. ಯಜಮಾನರು ಮಲಗಿದ್ದಲ್ಲೇ ಎಲ್ಲಕ್ಕೂ ಸಹಿ ಹಾಕಿಕೊಟ್ರು. ನಿಮ್ಮ ಸಹೀನೂ ಬೇಕಂತೆ."

ಟೈಲರಮ್ಮ ಕ್ಯಾಷಿಯರ ಕಡೆಗೆ ತಿರುಗಿದಳು.

"ಅಮ್ಮಾ, ಕೇಳಿಸ್ತಾ ಇದೆಯಾ? ದುಡ್ಡು ಜಮಾ ಮಾಡಿಕೊಳ್ಳೋಕೆ ಮನೆಯವರ ಒಪ್ಪಿಗೆ ಬೇಕು ನಮಗೆ. ಬೇಡ ಅಂದ್ರೆ ಆರರೊಳಗೆ ಹೇಳಿ, ಅವರಿಗೆ ವಾಪಸ್ ಕೊಟ್ಟುಬಿಡ್ತೀವಿ. ಏನು ಬರ್ಕೊಳ್ಳಲಿ?"

ಟೈಲರಮ್ಮ ಫೋನಿಗೆ ಕೈ ಮುಚ್ಚಿದಳು. "ಸರ್, ಬೇಡ ಅನ್ಲಾ? ನೀವು ಹೇಳಿ. ನೀವು ಹೇಳಿದ ಹಾಗೆ ಮಾಡ್ತೀನಿ."

ಬೇಡ ಅನ್ನಬೇಕಿತ್ತು. ಆ ಐದು ಫಾರಂ ಐದು ಖಾತೆಯಾಗುತ್ತವೆ, ಒಂದೊಂದಕ್ಕೂ ಒಬ್ಬೊಬ್ಬ ಟೀಚರಿನ ದುಡ್ಡು ಬಂದು ಬೀಳುತ್ತದೆ, ಸಿಕ್ಕಿಬಿದ್ದ ದಿನ ಜೈಲಿಗೆ ಹೋಗುವವರು ಈ ಗಂಡಹೆಂಡತಿ ಎಂದು ಕ್ಯಾಷಿಯರಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಅವರು ಅವಳ ಕಣ್ಣು ನೋಡಿದರು. ನಾಲಿಗೆ ಏಳಲಿಲ್ಲ.

ಅವಳು ಕೈ ತೆಗೆದಳು. "ಹೂಂ," ಎಂದಳು. "ಬರ್ಕೊಳ್ಳಿ."

"ಸರಿಯಮ್ಮ. ಇರಿ, ಅವರೇ ಕೌಂಟರಿಗೆ ಬಂದಿದ್ದಾರೆ, ಮಾತಾಡಬೇಕಂತೆ."

ಫೋನು ಕೈ ಬದಲಾಯಿಸಿತು. ಬಂದದ್ದು ನಯವಾದ, ತಾಳ್ಮೆಯ ಧ್ವನಿ.

"ಅಕ್ಕಾ, ಭಾವಂಗೆ ಏನೂ ಆಗಲ್ಲ, ನಾನಿದೀನಿ. ನೀವು ನಿಧಾನ ಬನ್ನಿ. ಬರುವಾಗ, ಕವರ್ ಅಂಗಡಿಗೆ ಬಂದಿದ್ರಂತಲ್ಲ, ಆ ಕ್ಯಾಷಿಯರನ್ನೂ ಜೊತೆಗೇ ಕರ್ಕೊಂಡು ಬನ್ನಿ. ಅವರಿಗೂ ಒಂದು ಫಾರಂ ತಂದಿದೀನಿ."